ಓಡದೇ ಇರುವ ರನ್

ಎಲ್ಲರಿಗೂ ನಮಸ್ಕಾರ.

ನಾನು ಭಾಷಾವಿಜ್ಞಾನಿ ಅಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವನು. ಅದಕ್ಕೇ ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ.

2007ರ ಸೆಪ್ಟೆಂಬರ್. ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕು ಕಷ್ಟದಲ್ಲಿದೆ ಅನ್ನುವ ಸುದ್ದಿ ಹಬ್ಬಿತ್ತು. ಇಟ್ಟ ದುಡ್ಡು ವಾಪಸ್ ತೆಗೆಯಲು ಜನ ಶಾಖೆಗಳ ಮುಂದೆ ಸೇರಿದ್ದರು. ಏಜೆನ್ಸಿಯಿಂದ ಬಂದ ಸುದ್ದಿಯಲ್ಲಿ ಅದನ್ನು ‘ಬ್ಯಾಂಕ್ ರನ್’ ಅಂದಿದ್ದರು. ರಾತ್ರಿ ಹನ್ನೊಂದು ಗಂಟೆ, ಪುಟ ಬಿಡುವ ಅವಸರ. ನಾನು ‘ಬ್ರಿಟನ್ನಿನಲ್ಲಿ ಬ್ಯಾಂಕ್ ಓಟ’ ಅಂತ ಹೆಡ್ಡಿಂಗ್ ಕೊಟ್ಟುಬಿಟ್ಟೆ. ನಮ್ಮ ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ, ‘ಏನಯ್ಯಾ, ಎಷ್ಟು ಕಿಲೋಮೀಟರ್ ಓಟ? ಬಹುಮಾನ ಏನಂತೆ?’ ಅಂದರು. ‘ಸರ್, ಅದು ಬ್ಯಾಂಕ್ ರನ್...’ ಅಂದೆ. ಅವರು ಮಾತಾಡಲಿಲ್ಲ. ಸುದ್ದಿಯ ಜೊತೆ ಬಂದಿದ್ದ ಫೋಟೋ ತೋರಿಸಿದರು. ಅದರಲ್ಲಿ ಒಬ್ಬರೂ ಓಡುತ್ತಿರಲಿಲ್ಲ. ಬ್ರಿಟಿಷರಲ್ವಾ, ಶಿಸ್ತಾಗಿ ಕ್ಯೂ ನಿಂತಿದ್ದರು.

‘ಠೇವಣಿಗೆ ಮುಗಿಬಿದ್ದ ಜನ’ ಅಂತ ಅವರೇ ತಿದ್ದಿದರು. ನನಗೆ ಮಾತ್ರ ಅಂದಿನಿಂದ ‘ರನ್’ ಅನ್ನುವ ಆ ಮೂರಕ್ಷರದ ಇಂಗ್ಲಿಷ್ ಪದದ ಹುಚ್ಚು ಹಿಡಿಯಿತು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಕಂತು ಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ ಕೆಲಸ ಮುಗಿಯುವ ಮೊದಲೇ, 1915ರಲ್ಲಿ, ತೀರಿಕೊಂಡರು. 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗ ತಿಂದ ಪದ ‘ಸೆಟ್’. ಸುಮಾರು 430 ಅರ್ಥ. ನಮ್ಮ ಸೆಟ್ ದೋಸೆ, ಪಂಪ್‌ಸೆಟ್ ಎರಡರಲ್ಲೂ ಅದೇ ಸದ್ದು ಕೇಳುತ್ತದೆ. ಆಮೇಲೆ ಮೂರನೇ ಆವೃತ್ತಿಗೆ ಪದಗಳನ್ನು ಹೊಸದಾಗಿ ತಿದ್ದುತ್ತಾ ಬಂದಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥ! ಆ ಒಂದು ಪದದ ಹಿಂದೆ ಬಿದ್ದ ಸಂಪಾದಕ ಪೀಟರ್ ಗಿಲಿವರ್‌ಗೆ ಒಂಬತ್ತು ತಿಂಗಳು ಹಿಡಿಯಿತು. ಒಂಬತ್ತು ತಿಂಗಳು ಅಂದಾಗ ನಿಮಗೆ ಏನು ಹೊಳೆಯಿತೋ ನನಗೂ ಅದೇ ಹೊಳೆದದ್ದು.

645 ಅಂದ ಕೂಡಲೇ ಗಾಬರಿ ಆಗಬೇಡಿ. ನಮ್ಮ ‘ಓಡು’ ಕೂಡ ಸುಮ್ನೆ ಕೂತಿಲ್ಲ. ಬಸ್ಸು ಓಡುತ್ತದೆ, ಮೋಟ್ರು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಪರೀಕ್ಷೆಯಲ್ಲಿ ತಲೆ ಓಡುವುದಿಲ್ಲ, ಗಾಬರಿಯಲ್ಲಿ ಕೈಕಾಲು ಓಡುವುದಿಲ್ಲ. ಪಕ್ಕದ ಮನೆ ಹುಡುಗಿ ಓಡಿಹೋದಳು ಅಂದರೆ ಬೆಳಗಿನ ವ್ಯಾಯಾಮಕ್ಕೆ ಹೋದಳು ಅಂತ ಯಾರೂ ತಿಳಿಯುವುದಿಲ್ಲ.

ಆದರೆ ಇಂಗ್ಲಿಷಿನವರು ‘ರನ್’ ಅನ್ನುವ ಎಲ್ಲಾ ಕಡೆ ನಾವು ಓಡುವುದಿಲ್ಲ. ಅವರ ಮೂಗು ರನ್ ಆಗುತ್ತದೆ, ನಮ್ಮದು ಸೋರುತ್ತದೆ. ಅವರ ಬಟ್ಟೆಯ ಬಣ್ಣ ರನ್ ಆಗುತ್ತದೆ, ನಮ್ಮ ಬಟ್ಟೆ ಬಣ್ಣ ಬಿಡುತ್ತದೆ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದು: ಅವರು ಅಂಗಡಿಯನ್ನು ರನ್ ಮಾಡುತ್ತಾರೆ, ನಾವು ಅಂಗಡಿ ನಡೆಸುತ್ತೇವೆ. ಅಂಗಡಿ, ಶಾಲೆ, ಸಂಸಾರ, ಸರ್ಕಾರ ಎಲ್ಲವನ್ನೂ ನಾವು ನಡೆಸುತ್ತೇವೆ. ಅವರು ಓಡಿಸುವುದನ್ನು ನಾವು ಕೈಹಿಡಿದು ನಡೆಸುತ್ತೇವೆ ಅಂತ ಹೆಮ್ಮೆಪಡಬೇಡಿ, ನಮ್ಮ ಸರ್ಕಾರಿ ಫೈಲುಗಳ ವೇಗ ನೋಡಿದರೆ ಆ ಪದವೇ ಸರಿ ಅನಿಸುತ್ತದೆ. ಇನ್ನು ಚುನಾವಣೆ. ಅಮೆರಿಕದಲ್ಲಿ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನಲ್ಲಿ ನಿಲ್ಲುತ್ತಾನೆ. ಒಂದೇ ಭಾಷೆ, ಒಂದೇ ಕೆಲಸ, ಎರಡು ತದ್ವಿರುದ್ಧ ಪದ. ನಾವೂ ‘ಈ ಸಲ ಯಾರು ನಿಂತಿದ್ದಾರೆ?’ ಅಂತಲೇ ಕೇಳುತ್ತೇವೆ.

ಹಾಗಾದರೆ ರನ್ನಿಗೆ ಸಮಾನಾರ್ಥಕ ಪದ ಯಾವುದು? ವಿದ್ಯಾರ್ಥಿಗಳು ಇದನ್ನು ಕೇಳಿದಾಗ ನಾನು ಬೆಂಕಿಯ ಉದಾಹರಣೆ ಕೊಡುತ್ತೇನೆ. ನಮ್ಮ ಹಿರಿಯರು ಅಮರಕೋಶ ಬಾಯಿಪಾಠ ಮಾಡುತ್ತಿದ್ದರು. ಅಗ್ನಿ, ವಹ್ನಿ, ಅನಲ ಅಂತ ಸಾಲುಸಾಲಾಗಿ ಬರುತ್ತಿತ್ತು. ಪದಗಳನ್ನು ಅಕಾರಾದಿಯಾಗಿ ಇಡದೆ ವಿಷಯದ ಪ್ರಕಾರ ಗುಂಪು ಮಾಡಿದ ಕೋಶ ಅದು. ಇಂಗ್ಲಿಷಿನಲ್ಲಿ ಆ ದಾರಿ ಹಿಡಿದು ಹೆಸರಾದವರು ಪೀಟರ್ ಮಾರ್ಕ್ ರೊಜೆ. ಅವರೊಬ್ಬ ವೈದ್ಯರು. ಅವರ ಥೆಸಾರಸ್ 1852ರಲ್ಲಿ ಬಂತು. ಅದರ ಪೀಠಿಕೆಯಲ್ಲಿ ಅಮರಕೋಶದ ಹೆಸರೂ ಇದೆ. ಈಗ ನೋಡಿ, ಅಗ್ನಿಗೂ ಕಿಚ್ಚಿಗೂ ಅರ್ಥ ಒಂದೇ. ಜಠರಕ್ಕೂ ಹೊಟ್ಟೆಗೂ ಅರ್ಥ ಒಂದೇ. ಆದರೆ ಜಠರಾಗ್ನಿ ಹೊತ್ತಿಕೊಂಡರೆ ಊಟ ಬಡಿಸಬೇಕು. ಹೊಟ್ಟೆಕಿಚ್ಚು ಹೊತ್ತಿಕೊಂಡರೆ ಎಷ್ಟು ಬಡಿಸಿದರೂ ಆರುವುದಿಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕ ಕೂತ ಪದಗಳು ಬೀದಿಗೆ ಬಂದ ಮೇಲೆ ಬೇರೆ ಬೇರೆ ದಾರಿ ಹಿಡಿಯುತ್ತವೆ.

ರನ್ನಿನ ಬೇರಿಗೆ ಹೋಗೋಣ. ಹಳೆಯ ಇಂಗ್ಲಿಷಿನಲ್ಲಿ ಇದು ‘ರಿನ್ನನ್’. ನಮ್ಮ ಕವಿ ರನ್ನನಿಗೂ ಇದಕ್ಕೂ ಸಂಬಂಧ ಇಲ್ಲ, ನಗಬೇಡಿ. ಆ ರಿನ್ನನ್‌ಗೆ ಓಡುವುದು ಅನ್ನುವ ಅರ್ಥದ ಜೊತೆಗೇ ಹರಿಯುವುದು ಅನ್ನುವ ಅರ್ಥವೂ ಇತ್ತು. ಜರ್ಮನ್ ಭಾಷೆ ಈಗ ಇದನ್ನು ಎರಡು ಪದದಲ್ಲಿ ಹಂಚಿಕೊಂಡಿದೆ. ‘ರೆನ್ನೆನ್’ ಅಂದರೆ ಓಡುವುದು, ‘ರಿನ್ನೆನ್’ ಅಂದರೆ ನೀರು ಸಣ್ಣಗೆ ಹರಿಯುವುದು. ಇಂಗ್ಲಿಷ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡಿತು. ಹೊಳೆ ರನ್ ಆಗುತ್ತದೆ, ಕಣ್ಣೀರು ರನ್ ಆಗುತ್ತದೆ.

ಇದು ಗೊತ್ತಾದ ಮೇಲೆ ನನ್ನ ತಪ್ಪು ಎಲ್ಲಿತ್ತು ಅಂತ ಹೊಳೆಯಿತು. ರನ್ ಅಂದ ಕೂಡಲೇ ನಮ್ಮ ಕೈ ‘ಓಡು’ ಕಡೆ ಹೋಗುತ್ತದೆ. ಅದರ ನಿಜವಾದ ಜೋಡಿ ‘ಹರಿ’. ಹೊಳೆ ಹರಿಯುತ್ತದೆ. ಹಾವು ಹರಿಯುತ್ತದೆ. ಜಾತ್ರೆಗೆ ಜನ ಹರಿದು ಬರುತ್ತಾರೆ, ದೇಣಿಗೆ ಹರಿದು ಬರುತ್ತದೆ, ಬೆಳಕು ಹರಿಯುತ್ತದೆ. ಅಧಿಕಾರಿಗಳು ಸಮಸ್ಯೆಯ ಕಡೆ ಗಮನ ಹರಿಸುತ್ತಾರೆ, ಹರಿಸುವುದಾಗಿ ಹೇಳುವುದಂತೂ ನಿಜ. ನಮ್ಮ ಪತ್ರಿಕೆಗಳಲ್ಲಿ ‘ಲಾರಿ ಹರಿದು ಸಾವು’ ಅಂತ ಬರುತ್ತದಲ್ಲ, ಇಂಗ್ಲಿಷ್ ಪತ್ರಿಕೆ ಅಲ್ಲಿ ‘ರನ್ ಓವರ್’ ಅಂತ ಬರೆಯುತ್ತದೆ. ಯಾರೂ ಯಾರಿಂದಲೂ ಅನುವಾದ ಮಾಡಬೇಕಾಗಿಲ್ಲ, ಎರಡು ಭಾಷೆಗೂ ಒಂದೇ ಚಿತ್ರ ಕಂಡಿದೆ.

ಇನ್ನೊಂದು ಸಿಕ್ಕಾಗ ನಾನು ಕುಣಿದಾಡಿಬಿಟ್ಟೆ. ಹೆಂಗಸರ ಉದ್ದ ಕಾಲುಚೀಲದ ಒಂದು ಎಳೆ ಬಿಟ್ಟು ಸೀಳು ಉದ್ದಕ್ಕೆ ಇಳಿಯುತ್ತದಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಅನ್ನುತ್ತಾರೆ. ನಮ್ಮಲ್ಲೂ ನೀರು ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ! ಅಬ್ಬಾ, ಎಂಥಾ ಹೋಲಿಕೆ ಅಂತ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ಹಳಗನ್ನಡ ಬಲ್ಲ ಗೆಳೆಯನೊಬ್ಬ ಗಾಳಿ ತೆಗೆದ. ನಮ್ಮ ಎರಡು ‘ಹರಿ’ಗಳು ಮೂಲದಲ್ಲಿ ಒಂದೇ ಪದ ಅಲ್ಲ. ನೀರು ಹರಿಯುವುದು ಹಳಗನ್ನಡದ ‘ಪರಿ’, ಸಾಮಾನ್ಯ ರಕಾರ. ಬಟ್ಟೆ ಹರಿಯುವುದು ‘ಪಱಿ’. ಅಲ್ಲಿರುವುದು ಶಕಟರೇಫ, ಅಂದರೆ ಈಗ ನಾವು ಬಿಟ್ಟಿರುವ ಆ ಗಡುಸು ಱ. ತಮಿಳು, ಮಲಯಾಳಂ ಅದನ್ನು ಇನ್ನೂ ಉಳಿಸಿಕೊಂಡಿವೆ. ಅಲ್ಲಿ ಹೂವು ಕೀಳುವುದಕ್ಕೆ ‘ಪಱಿ’ ಅನ್ನುತ್ತಾರೆ. ನಮ್ಮಲ್ಲಿ ಪಕಾರ ಹಕಾರವಾಯಿತು, ಱ ಹೋಗಿ ರ ಉಳಿಯಿತು, ಎರಡು ಪದಗಳ ಮುಖ ಒಂದೇ ಆಯಿತು. ಇಂಗ್ಲಿಷಿನ ರನ್ ಒಬ್ಬನೇ ಮನುಷ್ಯ, ನೂರಾರು ವೇಷ. ನಮ್ಮ ಹರಿ ಇಬ್ಬರು, ಒಂದೇ ಅಂಗಿಯಲ್ಲಿ ಓಡಾಡುತ್ತಿದ್ದಾರೆ. ‘ಈ ಪದಕ್ಕೆ ಎಷ್ಟು ಅರ್ಥ’ ಅಂತ ಎಣಿಸಲು ಕೂತವರಿಗೆ ಮೊದಲ ತಲೆನೋವೇ ಇದು. ಒಂದು ಪದದ ಎರಡು ಅರ್ಥವೋ, ಎರಡು ಪದವೋ?

ಕ್ರಿಕೆಟ್ ಬಿಟ್ಟರೆ ನೀವು ಬೈಯುತ್ತೀರಿ. ಹದಿನೆಂಟನೇ ಶತಮಾನದಲ್ಲಿ ರನ್ನಿಗೆ ‘ನಾಚ್’ ಅನ್ನುತ್ತಿದ್ದರು. ಲೆಕ್ಕ ಇಡುವವನು ಕೋಲಿನ ಮೇಲೆ ಚಾಕುವಿನಿಂದ ಒಂದೊಂದು ಗಾಯ ಮಾಡುತ್ತಿದ್ದ, ಆ ಗಾಯವೇ ನಾಚ್. ಆಮೇಲೆ ಓಡಿದ್ದಕ್ಕೇ ರನ್ ಅಂತ ಹೆಸರು ನಿಂತಿತು. ಈಗ ಚೆಂಡು ಬೌಂಡರಿ ದಾಟಿ ಗ್ಯಾಲರಿಗೆ ಬಿದ್ದರೆ ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತು ಗ್ಲೌಸ್ ಸರಿ ಮಾಡಿಕೊಳ್ಳುತ್ತಾನೆ. ಅವನ ಲೆಕ್ಕಕ್ಕೆ ಆರು ‘ಓಟ’! ಸದ್ಯ, ನಾವು ಅದನ್ನು ರನ್ ಅಂತಲೇ ಇಟ್ಟುಕೊಂಡೆವು.

ಅಲುಗದೇ ಇರುವ ವಸ್ತುವೂ ಇಂಗ್ಲಿಷಿನಲ್ಲಿ ರನ್ ಆಗುತ್ತದೆ. ರಸ್ತೆ ಕೆರೆಯ ಪಕ್ಕ ರನ್ ಆಗುತ್ತದೆ, ಕಾಂಪೌಂಡ್ ಗೋಡೆ ರನ್ ಆಗುತ್ತದೆ. ನಮ್ಮಲ್ಲಿ ರಸ್ತೆ ಹೋಗುತ್ತದೆ. ‘ಈ ರಸ್ತೆ ಎಲ್ಲಿಗೆ ಹೋಗುತ್ತೆ?’ ಅಂದರೆ ‘ನಾನು ಹುಟ್ಟಿದಾಗಿಂದ ಇಲ್ಲೇ ಇದೆ’ ಅನ್ನುವ ಹಳೇ ಜೋಕು ನಿಮಗೆ ಗೊತ್ತೇ ಇದೆ.

ಹೋದ ವರ್ಷ ನಮ್ಮ ಮನೆಗೆ ಅಡುಗೆಮನೆ ಕಪಾಟು ಮಾಡಲು ಕಾರ್ಪೆಂಟರ್ ಬಂದಿದ್ದ. ಗೋಡೆ ನೋಡಿದವನೇ ‘ಹದಿನಾಲ್ಕು ರನ್ನಿಂಗ್ ಫೀಟ್ ಆಗುತ್ತೆ ಸಾರ್’ ಅಂದ. ಓಡುವ ಅಡಿ! 645ರಲ್ಲಿ ಇದು ಎಷ್ಟನೆಯದೋ ಅಂತ ಯೋಚಿಸುತ್ತಾ, ‘ಅದೇನಪ್ಪಾ ರನ್ನಿಂಗ್? ಬರೀ ಫೀಟ್ ಅಂದರೆ ಸಾಲದಾ?’ ಅಂತ ಕೇಳಿದೆ. ಅವನು ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು ಮೂಲೆಗೆ ನಿಲ್ಲಿಸಿ, ತಾನು ಡಬ್ಬಿ ಹಿಡಿದು ಆ ಕಡೆ ಮೂಲೆಯ ತನಕ ನಡೆದುಹೋದ.

‘ಉದ್ದ ಮಾತ್ರ ಸಾರ್. ಅಗಲ ಲೆಕ್ಕಕ್ಕಿಲ್ಲ. ಈಗ ಬಿಡಿ,’ ಅಂದ. ಬಿಟ್ಟೆ. ಟೇಪು ಸರಕ್ಕನೆ ಡಬ್ಬಿಯೊಳಗೆ ಹೋಯಿತು.