ಬ್ರಷ್ ಕೆಂಪಾದಾಗ

ಕೇಳುಗರೇ, ನಮಸ್ಕಾರ.

ಹೊಸದಾಗಿ ಹಲ್ಲುಜ್ಜುವ ಸ್ಮಾರ್ಟ್ ಎಲೆಕ್ಟ್ರಿಕ್ ಬ್ರಷ್ ತಂದವರಿಗೆ ಮೊದಲ ಗಾಬರಿ ಅರ್ಧ ನಿಮಿಷಕ್ಕೇ ಕಾದಿರುತ್ತದೆ. ಗುಂಯ್ ಎನ್ನುತ್ತಿದ್ದ ಬ್ರಷ್ ಒಮ್ಮೆ ತಡವರಿಸಿ ಮತ್ತೆ ಹೊರಡುತ್ತದೆ. ಚಾರ್ಜ್ ಮುಗಿಯಿತೇನೋ ಎಂದು ಬಾಯಿಂದ ಹೊರಗೆ ತೆಗೆದರೋ, ಕನ್ನಡಿ ತುಂಬ ಪೇಸ್ಟು! ಬ್ರಷ್ ಕೆಟ್ಟಿಲ್ಲ, ಜಾಗ ಬದಲಿಸಿ ಎನ್ನುತ್ತಿದೆ, ಅಷ್ಟೆ. ಮೇಲೆ, ಕೆಳಗೆ, ಎಡ, ಬಲ ಎಂದು ಬಾಯಿಯನ್ನು ನಾಲ್ಕು ಪಾಲು ಮಾಡಿ, ಪಾಲಿಗೆ 30 ಸೆಕೆಂಡಿನಂತೆ ಒಟ್ಟು 2 ನಿಮಿಷದ ಲೆಕ್ಕ ಅದು. 2 ನಿಮಿಷ ತುಂಬಿದಾಗ ಕೆಲವು ಬ್ರಷ್‌ಗಳು ತಾವೇ ನಿಲ್ಲುತ್ತವೆ, ಕೆಲವು ಸೂಚನೆ ಕೊಟ್ಟು ಓಡುತ್ತಲೇ ಇರುತ್ತವೆ.

ಇದಕ್ಕಿಂತ ಮುಖ್ಯವಾದದ್ದು ಒತ್ತಡದ ದೀಪ. ನನ್ನನ್ನು ಕೇಳಿದರೆ, ಕೊಟ್ಟ ದುಡ್ಡಿಗೆ ನಿಜವಾದ ಪ್ರತಿಫಲ ಇದೊಂದೇ. ಕೈಬ್ರಷ್‌ನಲ್ಲಿ ಗಸಗಸ ಉಜ್ಜಿ ರೂಢಿಯಾದವರು ಇದನ್ನೂ ಹಾಗೇ ಒತ್ತುತ್ತಾರೆ. ಒತ್ತಡ ಮಿತಿಮೀರಿದ್ದು ಹಿಡಿಯೊಳಗಿನ ಸೆನ್ಸರ್‌ಗೆ ಗೊತ್ತಾಗಿ ಕೆಂಪು ದೀಪ ಹತ್ತುತ್ತದೆ. ಕೆಲವು ಕಂಪನಿಗಳು ನೇರಳೆ ಬಣ್ಣ ಇಟ್ಟಿವೆ. ಅತಿಯಾಗಿ ಒತ್ತುತ್ತಾ ಹೋದರೆ ವಸಡು ಹಿಂದೆ ಸರಿಯುತ್ತದೆ, ಹಲ್ಲಿನ ಬುಡ ಸವೆಯುತ್ತದೆ. ಸರಿದ ವಸಡು ತಾನಾಗಿ ವಾಪಸು ಬೆಳೆಯುವುದಿಲ್ಲ. ಆದ್ದರಿಂದ ಮುಷ್ಟಿ ಕಟ್ಟಬೇಡಿ, ಪೆನ್ನಿನ ಹಾಗೆ ಬೆರಳ ತುದಿಯಲ್ಲಿ ಹಿಡಿಯಿರಿ. ಉಜ್ಜುವ ಕೆಲಸ ಮೋಟಾರಿನದು, ನಿಮ್ಮದು ಹಲ್ಲಿನಿಂದ ಹಲ್ಲಿಗೆ ನಿಧಾನವಾಗಿ ಸಾಗಿಸುವುದು ಮಾತ್ರ. ಹಿಂದಿನ ದವಡೆಗೆ ಹೋದಾಗ ದೀಪ ಕಾಣುವುದಿಲ್ಲವಲ್ಲ ಅನ್ನುತ್ತೀರಾ? ಕಿವಿಗೊಡಿ. ಒತ್ತಡ ಹೆಚ್ಚಾದಾಗ ಮೋಟಾರಿನ ವೇಗ ತಗ್ಗಿಸುವ ಬ್ರಷ್‌ಗಳಲ್ಲಿ ಸದ್ದೇ ಬದಲಾಗುತ್ತದೆ. ಸರಿಯಾದ ಒತ್ತಡಕ್ಕೆ ಹಸಿರು ತೋರಿಸುವ ಮಾದರಿಗಳೂ ಇವೆ. ಅದರಲ್ಲಿ ಹಸಿರು ಬರಲಿಲ್ಲವೆಂದರೆ ಬ್ರಷ್ ಹಲ್ಲಿಗೆ ಸರಿಯಾಗಿ ತಾಗುತ್ತಲೇ ಇಲ್ಲ ಎಂದೂ ಇರಬಹುದು.

ಇನ್ನು ಬ್ರಷ್ ಜೊತೆ ಜೋಡಿಸಿಕೊಳ್ಳುವ ಮೊಬೈಲ್ ಆ್ಯಪ್. ಬಲ ಮೇಲ್ದವಡೆ ಆಯಿತು, ಎಡ ಒಳಬದಿ ಬಾಕಿ ಎಂದು ಹಲ್ಲಿನ ಚಿತ್ರಕ್ಕೆ ಬಣ್ಣ ತುಂಬಿ, ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕವನ್ನೂ ಕೊಡುತ್ತದೆ. ಆದರೆ ಬ್ರಷ್‌ಗೆ ಕಣ್ಣಿಲ್ಲ. ಹಿಡಿ ಯಾವ ಕಡೆ ವಾಲಿದೆ, ಹೇಗೆ ತಿರುಗುತ್ತಿದೆ ಎಂಬುದನ್ನು ಚಲನೆಯ ಸೆನ್ಸರ್‌ಗಳು ಅಳೆಯುತ್ತವೆ. ಅದರ ಮೇಲೆ ಆ್ಯಪ್ ಊಹಿಸುತ್ತದೆ. ಎಡಗಡೆ ಹಲ್ಲಿನ ಹೊರಬದಿ ಉಜ್ಜುವಾಗ ಎಳೆಗಳ ಮುಖ ಬಲಕ್ಕಿರುತ್ತದೆ. ಬಲಗಡೆ ಹಲ್ಲಿನ ಒಳಬದಿ ಉಜ್ಜುವಾಗಲೂ ಬಲಕ್ಕೇ! ಎರಡನ್ನೂ ಬೇರೆ ಮಾಡುವುದು ಯಂತ್ರಕ್ಕೆ ಸುಲಭವಲ್ಲ. ಸಾಲದ್ದಕ್ಕೆ ನೀವು ತಲೆ ಬಗ್ಗಿಸಿ ಉಗುಳಿದರೆ, ಉಜ್ಜುತ್ತಲೇ ಓಡಾಡಿದರೆ ಲೆಕ್ಕ ಇನ್ನಷ್ಟು ಏರುಪೇರು. ಉಜ್ಜಿದ ಜಾಗವನ್ನೇ ಬಾಕಿ ಎಂದು ತೋರಿಸಿದರೆ ಅದರ ಜೊತೆ ಜಗಳಕ್ಕಿಳಿಯಬೇಡಿ. ಒಂದು ವಾರ ನೋಡಿ. ದಿನವೂ ಅದೇ ಮೂಲೆ ಖಾಲಿ ಕಂಡರೆ, ಅಲ್ಲಿ ನಿಮ್ಮ ಕೈ ನಿಜಕ್ಕೂ ಅವಸರ ಮಾಡುತ್ತಿರಬಹುದು.

ನೂರಕ್ಕೆ ನೂರು ಬಂದರೂ ಅದು ಸಮಯಕ್ಕೆ, ಒತ್ತಡಕ್ಕೆ, ಚಲನೆಗೆ ಬಿದ್ದ ಅಂಕ. ಹಲ್ಲಿನ ಸಂದಿಯಲ್ಲಿ ಏನು ಸಿಕ್ಕಿಕೊಂಡಿದೆಯೋ ಬ್ರಷ್‌ಗೆ ಗೊತ್ತಿಲ್ಲ. ಅದಕ್ಕೆ ಹಲ್ಲಿನ ಸಂದಿ ತೆಗೆಯುವ ದಾರವೋ (ಫ್ಲಾಸ್) ಸಂದಿ ಬ್ರಷ್ಷೋ ಬೇಕೇ ಬೇಕು. ಬ್ರಷ್‌ನ ತಲೆ ಬದಲಿಸಿ ಎಂಬ ಸೂಚನೆಯೂ ಸಾಮಾನ್ಯವಾಗಿ ಬಳಕೆಯ ಲೆಕ್ಕದ ಮೇಲೆ, ಸುಮಾರು 3 ತಿಂಗಳಿಗೆ ಬರುತ್ತದೆ. ಎಳೆಗಳು ಅದಕ್ಕೆ ಮೊದಲೇ ಕೆದರಿ ನಿಂತಿದ್ದರೆ ಸೂಚನೆಗಾಗಿ ಕಾಯಬೇಕಿಲ್ಲ.

ಅಂದಹಾಗೆ, ಬಚ್ಚಲಿಗೆ ಮೊಬೈಲ್ ಒಯ್ಯಲು ಇಷ್ಟವಿಲ್ಲದಿದ್ದರೆ ಬಿಡಿ. ಒತ್ತಡದ ದೀಪ, ಅರ್ಧ ನಿಮಿಷದ ತಡವರಿಕೆ ಎರಡೂ ಬ್ರಷ್‌ನ ಹಿಡಿಯಲ್ಲೇ ಇವೆ. ಆ್ಯಪ್ ಇಲ್ಲದೆಯೂ ನಡೆಯುತ್ತವೆ.

ನಮಸ್ಕಾರ.