ಆಪಲ್ ಕೇಕ್‌ಗೆ ಕಿತ್ತಳೆ ರಸ ಯಾಕೆ?

ನಮಸ್ಕಾರ! ಯಹೂದಿಗಳ ಹಬ್ಬದ ಆಪಲ್ ಕೇಕ್ ಮಾಡೋಣ ಅಂತ ರೆಸಿಪಿ ಹುಡುಕಿದೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಕಥೆ. ಬೆಣ್ಣೆ ಇಲ್ಲ, ಹಾಲಿಲ್ಲ. ಬದಲಿಗೆ ಎಣ್ಣೆ, ಕಿತ್ತಳೆ ರಸ. ಸೇಬಿನ ಕೇಕ್‌ನಲ್ಲಿ ಕಿತ್ತಳೆಗೇನು ಕೆಲಸ?

[ಪರದೆಯಲ್ಲಿ: ಸೇಬು, ಜೇನಿನ ಬಟ್ಟಲು]

ಹಬ್ಬದ ಹೆಸರು ರೋಶ್ ಹಶಾನಾ. ಯಹೂದಿ ಹೊಸ ವರ್ಷ, ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್‌ನಲ್ಲಿ ಬರುತ್ತದೆ. ಸೇಬಿನ ಹೋಳನ್ನು ಜೇನಲ್ಲಿ ಅದ್ದಿ ತಿಂದು, ವರ್ಷವೆಲ್ಲ ಸಿಹಿಯಾಗಿರಲಿ ಅಂತ ಹಾರೈಸುತ್ತಾರೆ. ಬೇವಿಲ್ಲ, ಬರೀ ಬೆಲ್ಲ!

ಈಗ ನನ್ನ ಇಷ್ಟದ ಭಾಗ. ಹಬ್ಬದೂಟದಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. 'ಆಡಿನ ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಬಾರದು' ಎಂಬ ಮಾತು ಯಹೂದಿಗಳ ಪವಿತ್ರ ಗ್ರಂಥವಾದ ತೋರಾದಲ್ಲಿ ಮೂರು ಕಡೆ ಬರುತ್ತದೆ. ಅದರ ಮೇಲೆ ಬೆಳೆದ ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಹೇಳುವುದು ಇಷ್ಟು: ಮಾಂಸ, ಹಾಲು ಒಂದೇ ಊಟದಲ್ಲಿ ಸೇರಬಾರದು.

ಮಡಿ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲೇ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದರೆ ಅಜ್ಜಿ ಏನನ್ನುತ್ತಿದ್ದರು? 'ಮುಸುರೆ ಕೈ! ಮೊದಲು ತೊಳ್ಕೊಂಡು ಬಾ!' ಕಾರಣ ಬೇರೆ, ಶಿಸ್ತು ಮಾತ್ರ ಅದೇ. ನಿಷ್ಠೆಯ ಯಹೂದಿ ಮನೆಗಳಲ್ಲಿ ಮಾಂಸಕ್ಕೆ ಒಂದು ಪಾತ್ರೆ ಸೆಟ್, ಹಾಲಿಗೆ ಇನ್ನೊಂದು. ಕೆಲವರಿಗೆ ಸಿಂಕೂ ಎರಡು. ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಅನೇಕರು ಆರು ಗಂಟೆ ಕಾಯುತ್ತಾರೆ. ಡಚ್ ಯಹೂದಿಗಳ ಪದ್ಧತಿಯಲ್ಲಿ ಒಂದೇ ಗಂಟೆ. ಕಾಫಿ ಪ್ರಿಯನಾದ ನಾನು ಯಾರ ಪಕ್ಷ ಅಂತ ಗೊತ್ತಾಯ್ತಲ್ವಾ?

ಎರಡು ಪಂಗಡಕ್ಕೂ ಸೇರದ ಆಹಾರಕ್ಕೆ 'ಪಾರ್ವೆ' ಅನ್ನುತ್ತಾರೆ. ಹಣ್ಣು, ಹಿಟ್ಟು, ಎಣ್ಣೆ, ಮೊಟ್ಟೆ ಎಲ್ಲ ಪಾರ್ವೆ. ಹಾಗಾಗಿ ಹಾಲಿನ ಜಾಗಕ್ಕೆ ಕಿತ್ತಳೆ ರಸ ಬಂತು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಇದೇ ಹಬ್ಬಕ್ಕೆ ತೆಂಗಿನ ಹಾಲಿನ ಹಲ್ವಾ ಮಾಡುತ್ತಾರೆ. ಹೆಸರಲ್ಲಿ ಹಾಲಿದ್ದರೂ ಅದು ಪಾರ್ವೆ! ನಮ್ಮ ಹಾಲುಬಾಯಿಗೆ ಹತ್ತಿರದ ನೆಂಟ.

ಎಣ್ಣೆ ಹಾಕಿದ್ದಕ್ಕೆ ಇನ್ನೊಂದು ಲಾಭವೂ ಇದೆ. ಬೆಣ್ಣೆ ಆರಿದರೆ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಕೇಕ್ ಮರುದಿನವೂ ಮೆತ್ತಗಿರುತ್ತದೆ. ಹಬ್ಬದ ದಿನ ಹೊಸದಾಗಿ ಬೆಂಕಿ ಹೊತ್ತಿಸಬಾರದು, ಅದಕ್ಕೆ ಹಿಂದಿನ ದಿನವೇ ಮಾಡಿಡುವವರಿಗೆ ಇದು ವರದಾನ.

ಟೈಮ್ ಆಗೋಯ್ತು, ಬೇಗ ಬೇಗ ಮಾಡೋಣ. ಐದಾರು ಸೇಬು ಹೆಚ್ಚಿ, ಐದು ದೊಡ್ಡ ಚಮಚ ಸಕ್ಕರೆ, ಎರಡು ಟೀ ಚಮಚ ದಾಲ್ಚಿನ್ನಿ ಪುಡಿ ಬೆರೆಸಿ. 3 ಕಪ್ ಮೈದಾ, ಸುಮಾರು 2 ಕಪ್ ಸಕ್ಕರೆ, 1 ಕಪ್ ಎಣ್ಣೆ, 4 ಮೊಟ್ಟೆ, ಕಾಲು ಕಪ್ ಕಿತ್ತಳೆ ರಸ, 3 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಕಲಸಿ. ಮೊಟ್ಟೆಯನ್ನು ಒಂದೊಂದಾಗಿ ಬಟ್ಟಲಿಗೆ ಒಡೆಯಿರಿ. ರಕ್ತದ ಚುಕ್ಕೆ ಇದ್ದರೆ ಕೋಷರ್ ಅಡುಗೆಗೆ ಆಗದು. ನಡುವೆ ತೂತಿರುವ ಕೇಕ್ ಪಾತ್ರೆಗೆ ಹಿಟ್ಟು, ಸೇಬು, ಮತ್ತೆ ಹಿಟ್ಟು, ಮತ್ತೆ ಸೇಬು. 180 ಡಿಗ್ರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಕಡ್ಡಿ ಚುಚ್ಚಿ ನೋಡಿ.

ಮೇಲೆ ಐಸ್‌ಕ್ರೀಮ್ ಹಾಕಬಹುದಾ? ನಿಮ್ಮ ಮನೆಯಲ್ಲಿ ಧಾರಾಳವಾಗಿ ಹಾಕಿ. ಮಾಂಸದೂಟ ಮುಗಿದ ಆ ಮೇಜಿನ ಮೇಲೆ ಮಾತ್ರ ಬೇಡ, ಮುಸುರೆ ಆಗಿಬಿಡುತ್ತೆ!