ಕೆನ್ನೆ ಮುಗಿದು ಲೋಹ ಶುರುವಾಗುವ ಜಾಗ

ಎಲ್ಲರಿಗೂ ನಮಸ್ಕಾರ. ಈ ಚಿತ್ರವನ್ನು ಒಮ್ಮೆ ನೋಡಿ. ಒಂದು ಕಡೆ ಹೆಂಗಸಿನ ಮುಖ. ಇನ್ನೊಂದು ಕಡೆ, ಕಿವಿಯಿಂದ ಗಲ್ಲದವರೆಗೆ ಚರ್ಮ ಸರಿದು ಒಳಗಿನ ಯಂತ್ರ ಕಾಣುತ್ತಿದೆ. ಇದರಲ್ಲಿ ಒಂದೇ ಒಂದು ಗೆರೆ ಇಲ್ಲ, ಎಲ್ಲವೂ ಚುಕ್ಕೆ. ‘ಒಟ್ಟು ಎಷ್ಟು ಚುಕ್ಕೆ?’ ಅಂತ ನೋಡಿದವರೆಲ್ಲ ಕೇಳುತ್ತಾರೆ. ನಾನು ಎಣಿಸಿಲ್ಲ. ಅಷ್ಟು ತಾಳ್ಮೆ ಉಳಿದಿದ್ದರೆ ಇನ್ನೊಂದು ಚಿತ್ರ ಬಿಡಿಸುತ್ತಿದ್ದೆ, ಅಲ್ವಾ?

ನನ್ನ ಪ್ರಶ್ನೆ ಬೇರೆ. ಎರಡೂ ಕಡೆ ಅದೇ ಪೆನ್ನು, ಅದೇ ಕಪ್ಪು ಇಂಕು, ಅದೇ ಬಿಳಿ ಹಾಳೆ. ಹಾಗಿದ್ದರೆ ಇದು ಚರ್ಮ, ಇದು ಲೋಹ ಅಂತ ನಿಮಗೆ ಹೇಗೆ ಗೊತ್ತಾಯಿತು?

ಚುಕ್ಕೆ ಒತ್ತಾದರೆ ನೆರಳು, ದೂರ ದೂರ ಇದ್ದರೆ ಬೆಳಕು. ನಡುವಿನ ಬೂದು ಬಣ್ಣವನ್ನು ಕಣ್ಣೇ ಬೆರೆಸಿಕೊಳ್ಳುತ್ತದೆ. ಇದು ಹಳೆಯ ಉಪಾಯ. 16ನೇ ಶತಮಾನದ ಆರಂಭದಲ್ಲೇ ಇಟಲಿಯ ಕಲಾವಿದ ಜೂಲಿಯೋ ಕಂಪಾಗ್ನೋಲಾ ಚಿತ್ರ ಅಚ್ಚು ಹಾಕುವ ತಗಡಿನ ಮೇಲೆ ಚುಕ್ಕೆ ಕೊರೆದು ಮೃದುವಾದ ನೆರಳು ತಂದಿದ್ದ.

ಚರ್ಮದಲ್ಲಿ ನೆರಳು ನಿಧಾನಕ್ಕೆ ಕರಗುತ್ತದೆ. ಕೆನ್ನೆಯ ಮೇಲೆ ಚುಕ್ಕೆಗಳು ಎಲ್ಲಿ ಕಡಿಮೆಯಾದವು ಅಂತ ಬೆರಳಿಟ್ಟು ತೋರಿಸಲು ಆಗಬಾರದು. ಹೊಳೆಯುವ ಲೋಹದಲ್ಲಿ ಹಾಗಲ್ಲ. ಈ ಸರಳನ್ನು ನೋಡಿ: ಒಂದು ಬಿಳಿ ಪಟ್ಟಿ, ಅದರ ಪಕ್ಕದಲ್ಲೇ ಕಡುಕಪ್ಪು, ಅಂಚಿಗೆ ಬಂದಾಗ ಮತ್ತೆ ಸಣ್ಣಗೆ ಬೆಳಕು. ನಡುವೆ ಬೂದು ಬಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆನ್ನೆಯ ಚುಕ್ಕೆ ಜಾರುತ್ತದೆ, ಲೋಹದ ಚುಕ್ಕೆ ಜಿಗಿಯುತ್ತದೆ. ಕಣ್ಣಿಗೆ ಸುಳಿವು ಸಿಗುವುದೇ ಅಲ್ಲಿ.

ಇನ್ನು ಯಂತ್ರದ ವಿಚಾರ. ನನ್ನ ಮೊದಲ ಚಿತ್ರದಲ್ಲಿ ಕೆನ್ನೆಯೊಳಗೆ ಚೆಂದ ಕಾಣಲಿ ಅಂತ ಸುಮ್ನೆ ಮೂರು ಗೇರ್ ತುಂಬಿದ್ದೆ, ಒಂದಕ್ಕೊಂದು ಹಲ್ಲು ಕಚ್ಚಿಕೊಂಡಂತೆ. ಯಂತ್ರ ರಿಪೇರಿ ಮಾಡುವವರೊಬ್ಬರು ನೋಡಿ ನಕ್ಕುಬಿಟ್ಟರು. ‘ಇದು ತಿರುಗಲ್ಲ ಕಣ್ರೀ’ ಅಂದರು. ಸರಿ ತಾನೇ? ಕಚ್ಚಿಕೊಂಡ ಎರಡು ಗೇರ್ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಬೇಕು. ಮೂರೂ ಒಂದಕ್ಕೊಂದು ಕಚ್ಚಿದರೆ ಎಲ್ಲವೂ ಅಲ್ಲೇ ಲಾಕ್.

ಅಂದಿನಿಂದ ಮೊದಲು ಮೈಯನ್ನು ಕೇಳುತ್ತೇನೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಏನೋ ಅಲುಗಾಡಿತಲ್ಲ, ಅದು ದವಡೆಯ ಕೀಲು. ತಿರುಗುವ ಭಾಗ ಬರಬೇಕಾದ್ದು ಅಲ್ಲಿ. ತಲೆ ತಿರುಗಿಸಿದಾಗ ಕಿವಿಯ ಹಿಂದಿನಿಂದ ಎದೆಯ ಮೇಲ್ಭಾಗದವರೆಗೆ ಒಂದು ಸ್ನಾಯು ಹುರಿಯಂತೆ ಎದ್ದು ಬರುತ್ತದೆ. ಪಿಸ್ಟನ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ಎರಡೂ ಸೇರುವ ಅಂಚು. ಅಲ್ಲಿ ಗೆರೆ ಎಳೆಯುವ ಆಸೆ ಬರುತ್ತದೆ, ಎಳೆಯಬೇಡಿ. ಚರ್ಮಕ್ಕೂ ದಪ್ಪ ಇದೆಯಲ್ಲ, ಅದಕ್ಕೆ ದಾರದಷ್ಟು ಹಾಳೆಯನ್ನು ಖಾಲಿ ಬಿಡಿ. ಅದರ ಕೆಳಗೇ ಚುಕ್ಕೆಗಳನ್ನು ಒತ್ತಾಗಿ ಇಡಿ. ಅದು ಚರ್ಮದ ನೆರಳು, ಯಂತ್ರದ ಮೇಲೆ ಬಿದ್ದಿರುವುದು. ಎರಡಕ್ಕೂ ಬೆಳಕು ಒಂದೇ ದಿಕ್ಕಿನಿಂದ ಬರಲಿ. ಇಲ್ಲದಿದ್ದರೆ ಎರಡು ಚಿತ್ರ ಕತ್ತರಿಸಿ ಅಂಟಿಸಿದ ಹಾಗಿರುತ್ತದೆ.

ಪೆನ್ನಿನ ಬಗ್ಗೆ ಎರಡೇ ಮಾತು. ಪಿಗ್ಮಾ ಮೈಕ್ರಾನ್ ಅನ್ನುವ ಪೆನ್ನಿನ ಮೇಲೆ 005 ಅಂತ ಇದ್ದರೆ ಅದು 0.05 ಅಲ್ಲ, ಸುಮಾರು 0.2 ಮಿ.ಮೀ. ದಪ್ಪದ ಗೆರೆ. ಹಾಳೆ ನುಣುಪಾಗಿರಲಿ, ಪೆನ್ನು ನೆಟ್ಟಗಿರಲಿ. ಕೈ ಸೋತರೆ ಪೆನ್ನು ವಾಲುತ್ತದೆ, ಚುಕ್ಕೆಗೆ ಬಾಲ ಬರುತ್ತದೆ. ಕೆನ್ನೆಯ ಮೇಲೆ ಅದು ಗಡ್ಡದ ಕೂದಲಿನಂತೆ ಕಾಣುತ್ತದೆ. ಬಾಲ ಕಂಡ ಕೂಡಲೇ ನಾನು ಎದ್ದುಬಿಡುತ್ತೇನೆ.

ಇಂಕನ್ನು ಅಳಿಸಲು ಆಗದು. ಆಮೇಲೆ ಹತ್ತಿರ ಬಂದು ಕಿವಿಯ ಕೆಳಗಿರುವ ಸಣ್ಣ ಸ್ಕ್ರೂ ನೋಡಿ. ನನ್ನ ಯೋಜನೆಯಲ್ಲಿ ಅದು ಇರಲಿಲ್ಲ. ಪೆನ್ನು ಕೈಜಾರಿ ಬಿದ್ದ ಕಲೆ ಅದು. ಇತ್ತ ಕೆನ್ನೆಯ ಮೇಲೆ ಬಿದ್ದಿದ್ದರೆ ಮಚ್ಚೆ ಮಾಡುತ್ತಿದ್ದೆ.